ಪರಸ್ಥಳದ ಊಟ: ಮಹಾನಗರಗಳಲ್ಲಿ ಕಾಸರಗೋಡಿನವರು ಉಂಡ ಬಗೆ

1956ರ ನವೆಂಬರ್ 1ರವರೆಗೆ ಕಾಸರಗೋಡು ತಾಲೂಕಿನ ನಮಗೆ ರಾಜಧಾನಿಯೆಂದರೆ ಮದರಾಸು. ಮದರಾಸು ಪ್ರಾಂತ್ಯದ ಪಡುವಣ ಅಂಚಿನಲ್ಲಿ ದಕ್ಷಿಣ ಕನ್ನಡ ಜಿಲ್ಲೆ, ಆ ಜಿಲ್ಲೆಯ ತೆಂಕಣ ತುದಿಯಲ್ಲಿ ನಾವು. ಅಡಿಕೆ ತೋಟದ ದಾವೆ ಮೇಲಿನ ನ್ಯಾಯಾಲಯಕ್ಕೆ ಹೋದರೆ ಮದರಾಸಿನ ಹೈಕೋರ್ಟು. ಮಗನಿಗೆ ಪದವಿ ಬೇಕಿದ್ದರೆ ಮದರಾಸು ವಿಶ್ವವಿದ್ಯಾನಿಲಯ. ಊರಿನ ವೈದ್ಯರು ಕೈಚೆಲ್ಲಿದ ರೋಗಕ್ಕೆ ಸೆಂಟ್ರಲ್ ನಿಲ್ದಾಣದ ಎದುರಿನ ಜನರಲ್ ಆಸ್ಪತ್ರೆ. ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ ರಾಷ್ಟ್ರಕವಿಯೆಂಬ ಬಿರುದನ್ನು ನೀಡಿದ್ದೂ ಮದರಾಸು ಸರಕಾರವೇ. ಇವೆಲ್ಲ ಚರಿತ್ರೆಯ ಪುಸ್ತಕಗಳಲ್ಲಿ ಸಿಗುತ್ತವೆ. ಅಷ್ಟು ದೂರ ಹೋದ ನಮ್ಮವರು ಅಲ್ಲಿ ಎಲ್ಲಿ ಉಂಡರು, ಹೊಟ್ಟೆ ತುಂಬ ಉಣ್ಣುವ ಜಾಗವನ್ನು ಹೇಗೆ ಆರಿಸಿಕೊಂಡರು ಎಂಬುದನ್ನು ಮಾತ್ರ ಯಾರೂ ಬರೆದಿಟ್ಟಿಲ್ಲ. ಗಡಿನಾಡಿನವರಾದ ನಮ್ಮ ಮಟ್ಟಿಗೆ ಇದು ಸಣ್ಣ ವಿಷಯವಲ್ಲ. ಭಾಷೆ, ಜಾತಿ, ದುಡಿಮೆ ಈ ಮೂರೂ ಒಂದೇ ಎಲೆಯ ಮೇಲೆ ಬಂದು ಕುಳಿತ ಕಥೆಯಿದು.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಕಾಸರಗೋಡಿನಲ್ಲಿ ಹತ್ತಿದರೆ ಕಣ್ಣೂರು, ಕಲ್ಲಿಕೋಟೆ, ಶೋರನೂರು, ಪಾಲಘಾಟು, ಈರೋಡು, ಸೇಲಂ, ಜೋಲಾರ್‌ಪೇಟೆಗಳನ್ನು ದಾಟಿ ಮದರಾಸು ಸೇರಬೇಕು. ಬುತ್ತಿಯಿಲ್ಲದೆ ಹೊರಡುವವರು ಆ ಕಾಲದಲ್ಲಿ ಇರಲಿಲ್ಲವೆಂದೇ ಹೇಳಬೇಕು. ಅವಲಕ್ಕಿ, ಬೆಲ್ಲ, ಬಾಳೆಹಣ್ಣು, ಬಾಳೆಲೆಯಲ್ಲಿ ಬಾಡಿಸಿ ಕಟ್ಟಿದ ಮೊಸರನ್ನ, ಒಂದು ಹಿತ್ತಾಳೆಯ ಚೆಂಬಿನಲ್ಲಿ ನೀರು. ಇದು ದುಡ್ಡಿನ ಮಿತವ್ಯಯಕ್ಕಾಗಿ ಮಾತ್ರ ಕಟ್ಟಿಕೊಂಡ ಬುತ್ತಿಯಲ್ಲ. ಹೊರಗಿನ ಅನ್ನವನ್ನು ಮುಟ್ಟಬಾರದೆಂಬ ಮಡಿ ಕೆಲವರದು. ಹೊರಗಿನ ಅನ್ನವನ್ನು ತಮಗೆ ಯಾರೂ ಬಡಿಸಲಾರರೆಂಬ ಅರಿವು ಇನ್ನು ಕೆಲವರದು. ಒಂದೇ ಡಬ್ಬಿಯಲ್ಲಿ ಎದುರು ಬದುರು ಕುಳಿತು ಇಬ್ಬರೂ ಬುತ್ತಿ ಬಿಚ್ಚುತ್ತಿದ್ದರು. ದೊಡ್ಡ ನಿಲ್ದಾಣಗಳ ಊಟದ ಕೋಣೆಗಳಲ್ಲಿ ಬ್ರಾಹ್ಮಣರಿಗೆ ಬೇರೆ, ಉಳಿದವರಿಗೆ ಬೇರೆ ಎಂಬ ಏರ್ಪಾಡಿತ್ತು. ಪೆರಿಯಾರ್ ರಾಮಸ್ವಾಮಿಯವರ ಒತ್ತಾಯದ ಫಲವಾಗಿ ಈ ಭೇದವು 1941ರಲ್ಲಿ ರೈಲ್ವೆಯಿಂದ ತೊಲಗಿತು. ಸ್ವಾತಂತ್ರ್ಯಕ್ಕೆ ಇನ್ನೂ ಆರು ವರ್ಷಗಳಿದ್ದವು.

ಸೆಂಟ್ರಲ್‌ನಲ್ಲಿ ಇಳಿದವರಿಗೆ ಎದುರಿಗೇ ರಾಮಸ್ವಾಮಿ ಮೊದಲಿಯಾರರ ಛತ್ರವಿತ್ತು. ತಂಗಲು ಅನುಕೂಲ, ಊಟಕ್ಕೆ ಬೇರೆ ಜಾಗ ಹುಡುಕಲೇಬೇಕು. ಹೈಕೋರ್ಟು ಇರುವುದು ಜಾರ್ಜ್ ಟೌನಿನಲ್ಲಿ. ವಕೀಲರ ಕಚೇರಿಗಳಿರುವ ತಂಬುಚೆಟ್ಟಿ ಬೀದಿ, ಅದರ ಸುತ್ತಿನ ಇಕ್ಕಟ್ಟಾದ ಕೇರಿಗಳು, ಅವುಗಳಲ್ಲೊಂದು ಆಚಾರಪ್ಪನ್ ಬೀದಿ. ನಮ್ಮ ಕಕ್ಷಿಗಾರರು ತಿರುಗಾಡಿದ್ದು ಇಲ್ಲೇ. ಈ ಆಚಾರಪ್ಪನ್ ಬೀದಿಯಲ್ಲೇ 1920ರ ದಶಕದಲ್ಲಿ ಒಬ್ಬ ತರುಣರು ಹೋಟೆಲೊಂದನ್ನು ವಹಿಸಿಕೊಂಡರು. ಮೂಲ್ಕಿ ಸಮೀಪದ ಕಡಂದಲೆಯ ಕೆ. ಕೃಷ್ಣರಾಯರು ಅವರು. ಬಡತನದಲ್ಲಿ ಹುಟ್ಟಿ, ಪಾತ್ರೆ ತೊಳೆದು, ಅಡಿಗೆಮನೆಯಲ್ಲಿ ದುಡಿದು ಮೇಲೆ ಬಂದವರು. ಅಲ್ಲಿಂದ ಮೌಂಟ್ ರೋಡಿಗೆ ಬಂದು ಉಡುಪಿ ಶ್ರೀಕೃಷ್ಣ ವಿಲಾಸವನ್ನು ನಡೆಸಿದರು. 1938ರಲ್ಲಿ ರಾಯಪೇಟೆಯ ವುಡ್‌ಲ್ಯಾಂಡ್ಸ್ ಎಂಬ ದೊಡ್ಡ ಬಂಗಲೆಯನ್ನು ಹಿಡಿದು, ತಂಗುವ ಕೋಣೆಗಳೂ ಇರುವ ಹೋಟೆಲನ್ನು ಅದೇ ಹೆಸರಿನಲ್ಲಿ ತೆರೆದರು. ಇಂಗ್ಲಿಷ್ ಬಂಗಲೆಯ ಹೆಸರು ಹೀಗೆ ಇಡ್ಲಿ ಸಾಂಬಾರಿನ ಹೆಸರಾಯಿತು! ಇಂದು ದೇಶವಿದೇಶಗಳಲ್ಲಿ ಕಾಣುವ ವುಡ್‌ಲ್ಯಾಂಡ್ಸ್ ಎಂಬ ಫಲಕದ ಹಿಂದೆ ಕಾಡೂ ಇಲ್ಲ, ಇಂಗ್ಲೆಂಡೂ ಇಲ್ಲ. ಇರುವುದು ರಾಯಪೇಟೆಯ ಒಂದು ಬಾಡಿಗೆ ಮನೆ.

ಉಡುಪಿ ಎಂಬ ಹೆಸರಿಗೆ ಅಡಿಗೆಯಲ್ಲಿ ಅಷ್ಟು ಬೆಲೆ ಬಂದದ್ದು ಮಠದಿಂದ. ಎಂಟು ಮಠಗಳು ಎರಡೆರಡು ವರ್ಷಗಳಂತೆ ಸರದಿಯಲ್ಲಿ ಕೃಷ್ಣನ ಪೂಜೆ ನಡೆಸುವ ಪರ್ಯಾಯ ಪದ್ಧತಿಯಲ್ಲಿ ಅನ್ನಸಂತರ್ಪಣೆ ದೊಡ್ಡ ಹೊಣೆ. ಸಾವಿರಾರು ಮಂದಿಗೆ ಒಂದೇ ಹೊತ್ತಿಗೆ, ಒಂದೇ ರುಚಿಯಲ್ಲಿ ಅಡಿಗೆ ಮಾಡಿ ಬಡಿಸಬಲ್ಲ ಕೈಗಳು ಅಲ್ಲಿ ತಯಾರಾದವು. ಚಾತುರ್ಮಾಸ್ಯದಲ್ಲಿ ಒಂದು ತಿಂಗಳು ತರಕಾರಿಯಿಲ್ಲ, ಒಂದು ತಿಂಗಳು ಮೊಸರಿಲ್ಲ, ಒಂದು ತಿಂಗಳು ಹಾಲಿಲ್ಲ, ಒಂದು ತಿಂಗಳು ಬೇಳೆಯಿಲ್ಲ. ಇಷ್ಟೆಲ್ಲ ಇಲ್ಲಗಳ ನಡುವೆಯೂ ಎಲೆ ಬರಿದಾಗಬಾರದು. ನೀರುಳ್ಳಿ, ಬೆಳ್ಳುಳ್ಳಿಗಳ ಹಂಗಿಲ್ಲದೆ ತೆಂಗಿನಕಾಯಿ, ಹುಣಸೆ, ಬೆಲ್ಲ, ಇಂಗು, ಕರಿಬೇವುಗಳಿಂದಲೇ ರುಚಿ ಹುಟ್ಟಿಸುವ ವಿದ್ಯೆ ಅಲ್ಲಿ ಬೆಳೆದದ್ದು ಈ ಒತ್ತಡದಿಂದ ಎಂದು ನಮಗೆ ತೋರುತ್ತದೆ. ಮಠದಲ್ಲಿ ಪುಣ್ಯಕ್ಕೆ ಬಡಿಸಿದ್ದನ್ನು ಮದರಾಸಿನಲ್ಲಿ ಕಾಸಿಗೆ ಬಡಿಸಿದರು. ಇದನ್ನು ಅನ್ನವಿಕ್ರಯವೆಂದು ಹಳೆಯ ತಲೆಮಾರಿನವರು ಹಳಿದದ್ದುಂಟು. ಆದರೆ ಮಠದ ಪಂಕ್ತಿಯಲ್ಲಿ ಕೂರಲು ಹುಟ್ಟಿನ ಅರ್ಹತೆ ಬೇಕಿತ್ತು. ಹೋಟೆಲಿನಲ್ಲಿ ಕೂರಲು ಮುಂದೊಂದು ದಿನ ಕಾಸೊಂದೇ ಸಾಕಾಯಿತು. ಆ ದಿನ ಬರಲು ಹಿಡಿದ ಕಾಲದ ಮಾತು ಮುಂದೆ ಬರುತ್ತದೆ.

ನಮ್ಮ ಹಿರಿಯರು ಮದರಾಸಿನಲ್ಲಿ ಹೋಟೆಲನ್ನು ಆರಿಸುತ್ತಿದ್ದ ಬಗೆಯನ್ನು ಅವರ ಬಾಯಿಂದಲೇ ಕೇಳಿದ್ದೇವೆ. ತಮಿಳು ಓದಲು ಬಾರದವರು ಅವರು. ಬೀದಿಯಲ್ಲಿ ನಡೆಯುತ್ತ ಫಲಕಗಳಲ್ಲಿ ಉಡುಪಿ ಎಂಬ ಅಕ್ಷರಗಳನ್ನು, ಅದು ಇಂಗ್ಲಿಷಿನಲ್ಲಿದ್ದರೂ, ಹುಡುಕುತ್ತಿದ್ದರು. ಒಳಹೊಕ್ಕು ಕುಳಿತು, ಲೋಟದಲ್ಲಿ ನೀರು ತಂದಿಟ್ಟ ಮಾಣಿಯೊಡನೆ ಊರಿನ ಮಾತಿನಲ್ಲೇ ಏನಾದರೊಂದು ಕೇಳುವುದು. ಮಾಣಿಯ ಮುಖ ಅರಳಿದರೆ ಜಾಗ ಸರಿ. 'ಈರೆನ ಊರು ಓಲು?' ಎಂಬ ತುಳುವಿನ ಮರುಪ್ರಶ್ನೆ ಬಂದರಂತೂ ಆ ಊಟಕ್ಕೆ ಒಂದು ಸೌಟು ಸಾರು ಹೆಚ್ಚು. ಕುಂಬಳೆಯೋ, ಬದಿಯಡ್ಕವೋ, ಮುಳ್ಳೇರಿಯವೋ ಎಂದರೆ ಗಲ್ಲಾಪೆಟ್ಟಿಗೆಯಲ್ಲಿ ಕುಳಿತ ಯಜಮಾನರು ಅಲ್ಲಿನ ಯಾರಾದರೊಬ್ಬರ ಕುಶಲ ವಿಚಾರಿಸುತ್ತಿದ್ದರಂತೆ. ಕೋರ್ಟಿನ ದಾರಿ, ಒಳ್ಳೆಯ ವಕೀಲರ ಗುಮಾಸ್ತನ ಪರಿಚಯ, ಕಳೆದುಹೋದ ಛತ್ರಿ, ಊರಿನಿಂದ ಬರುವ ಕಾಗದಕ್ಕೊಂದು ವಿಳಾಸ, ಎಲ್ಲವೂ ಹೋಟೆಲಿನಿಂದಲೇ. ರುಚಿಯ ಮಾತು ಆಮೇಲೆ. ನಮ್ಮವರಿಗೆ ಒಳ್ಳೆಯ ಊಟವೆಂದರೆ ಮೊದಲು ನಮ್ಮ ಮಾತು ತಿಳಿಯುವವರು ಬಡಿಸಿದ ಊಟ.

ರುಚಿಯಲ್ಲಿ ಕೊರತೆಯೇ ಇರಲಿಲ್ಲವೆಂದು ಹೇಳಿದರೆ ಸುಳ್ಳಾದೀತು. ಮದರಾಸಿನ ಎಲೆಯಲ್ಲಿ ಬೀಳುತ್ತಿದ್ದದ್ದು ಬೆಳ್ತಿಗೆ ಅನ್ನ. ಕುಚ್ಚಲಕ್ಕಿಯ ಗಂಜಿ ಉಂಡು ಬೆಳೆದವರಿಗೆ ಅದು ಬೆಳಗ್ಗಿನಿಂದ ಸಂಜೆಯವರೆಗೆ ಹೊಟ್ಟೆಯಲ್ಲಿ ನಿಲ್ಲುವ ಅನ್ನವಲ್ಲ. ತಂಬುಳಿಯಿಲ್ಲ, ಮೆಣಸ್ಕಾಯಿಯಿಲ್ಲ, ಮಾವಿನ ಮಿಡಿ ಅಪರೂಪ. ಮನೆಯ ಕೊದ್ದೆಲು ಅಲ್ಲಿ ತಮಿಳರ ನಾಲಗೆಗೆ ತಕ್ಕಂತೆ ಬದಲಾಗಿ ಸಾಂಬಾರಾಗಿತ್ತು. ಆದರೂ ಬೆಲ್ಲದ ಒಂದು ಚೂರು ಅದರಲ್ಲಿ ಉಳಿದಿತ್ತು. ಆ ಸಿಹಿಯೇ ಗುರುತು. 1942ರಲ್ಲಿ ಬರ್ಮಾ ಜಪಾನೀಯರ ವಶವಾಗಿ ಅಲ್ಲಿನ ಅಕ್ಕಿ ನಿಂತಿತು. ಬಾಂಬಿನ ಭಯದಿಂದ ಮದರಾಸಿನ ಅರ್ಧಕ್ಕರ್ಧ ಜನ ಊರು ಬಿಟ್ಟರು. ಆ ವರ್ಷ ಮದರಾಸಿನಿಂದ ಮರಳಿದ ಹೋಟೆಲಿನ ಹುಡುಗರನ್ನು ನಮ್ಮ ಹಳ್ಳಿಗಳಲ್ಲಿ ಕಂಡದ್ದನ್ನು ಹಿರಿಯರು ನೆನೆಯುತ್ತಿದ್ದರು.

ಇನ್ನು, ಹೇಳದೆ ಬಿಟ್ಟರೆ ಈ ಚರಿತ್ರೆ ಅರ್ಧವಾಗುವ ಮಾತು. ನಾವು 'ನಮ್ಮವರು' ಎನ್ನುತ್ತ ಬಂದೆವು. ಆದರೆ ಹುಡುಕಿದ ಫಲಕದ ಒಳಗೆ ಹೋಗಲು ನಮ್ಮವರೆಲ್ಲರಿಗೂ ಆಗುತ್ತಿತ್ತೇ? 'ಬ್ರಾಹ್ಮಣರ ಕಾಫಿ ಹೋಟೆಲು' ಎಂದು ಬರೆದ ಫಲಕಗಳಿದ್ದವು. 'ಪಂಚಮರಿಗೆ ಪ್ರವೇಶವಿಲ್ಲ' ಎಂದು ಬಾಗಿಲಲ್ಲೇ ತೂಗುಹಾಕಿದ ಫಲಕಗಳೂ ಇದ್ದವು. ಒಳಗಡೆ ಹೋದ ಮೇಲೂ ಜನಿವಾರದವರಿಗೆ ಒಂದು ಕೋಣೆ, ಉಳಿದವರಿಗೆ ಹೊರಜಗಲಿ ಎಂಬ ಏರ್ಪಾಡು ಎಷ್ಟೋ ಕಡೆ. ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು ದಲಿತರ ಮಕ್ಕಳಿಗಾಗಿ 1897ರಲ್ಲೇ ಸಂಸ್ಥೆ ಕಟ್ಟಿ ಶಾಲೆ ನಡೆಸಿದ ಜಿಲ್ಲೆ ನಮ್ಮದು. ಆ ಶಾಲೆಯಲ್ಲಿ ಅಕ್ಷರ ಕಲಿತ ಹುಡುಗನು ಮುಂದೆ ಎಂದಾದರೂ ಪಟ್ಟಣದ ಹೋಟೆಲೊಂದರ ಮುಂದೆ ನಿಂತಿದ್ದರೆ, ತಾನು ಕಲಿತ ಅಕ್ಷರದಿಂದ ಮೊದಲು ಓದಬೇಕಾಗುತ್ತಿದ್ದದ್ದು ಇಂಥ ಫಲಕವನ್ನು. ಅಕ್ಷರ ಕಲಿಸುವುದನ್ನೇ ಜೀವನವಾಗಿಸಿಕೊಂಡ ನಮಗೆ ಇದಕ್ಕಿಂತ ಕಹಿಯಾದ ಪಾಠ ಇನ್ನೊಂದಿಲ್ಲ. ಉಡುಪಿ ಹೋಟೆಲಿನ ಕೀರ್ತಿಯನ್ನು ಹಾಡುವ ಲೇಖನಗಳು ಬೇಕಾದಷ್ಟು ಬಂದಿವೆ; ಅವುಗಳಲ್ಲಿ ಈ ಮಾತು ಒಂದು ಸಾಲಿಗಿಂತ ಹೆಚ್ಚು ಬರುವುದಿಲ್ಲ.

1950ರ ಜನವರಿ 26ರಂದು ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿಯನ್ನು ಒಮ್ಮೆ ಎಲ್ಲರೂ ಓದಬೇಕು. ಜಾತಿ, ಮತ, ಲಿಂಗ, ಹುಟ್ಟಿದ ಸ್ಥಳಗಳ ಕಾರಣದಿಂದ ಯಾವ ಪ್ರಜೆಯನ್ನೂ ಅಂಗಡಿಗಳಿಗೆ, ಸಾರ್ವಜನಿಕ ಭೋಜನಶಾಲೆಗಳಿಗೆ, ಹೋಟೆಲುಗಳಿಗೆ ಹೋಗದಂತೆ ತಡೆಯುವಂತಿಲ್ಲವೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ದೇಶದ ಮೂಲ ಶಾಸನದಲ್ಲಿ ಹೋಟೆಲೆಂಬ ಪದ ಬರುವಷ್ಟು ಆ ಬಾಗಿಲು ಮುಖ್ಯವಾಗಿತ್ತು. 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯಿದೆ ಬಂದು ತಡೆಯುವವರಿಗೆ ಶಿಕ್ಷೆಯನ್ನೂ ವಿಧಿಸಿತು. ಬಾಗಿಲು ತೆರೆಯಿತು, ಫಲಕ ಉಳಿಯಿತು. 1957ರಲ್ಲಿ ಮದರಾಸಿನ ತಿರುವಲ್ಲಿಕೇಣಿಯ ಹೋಟೆಲೊಂದರ ಫಲಕದಿಂದ 'ಬ್ರಾಹ್ಮಣ' ಎಂಬ ಪದವನ್ನು ತೆಗೆಯಬೇಕೆಂದು ದ್ರಾವಿಡ ಕಳಗದವರು ತಿಂಗಳುಗಟ್ಟಲೆ ಸತ್ಯಾಗ್ರಹ ಹೂಡಿದರು. ನೂರಾರು ಮಂದಿ ಬಂಧನಕ್ಕೊಳಗಾದರು. ಒಂದು ಪದಕ್ಕಾಗಿ ಇಷ್ಟೊಂದು ಗಲಾಟೆಯೇ ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಭಾಷೆಗಾಗಿ ಫಲಕಗಳ ಮುಂದೆ ನಿಂತು ಹೋರಾಡಿದ ಗಡಿನಾಡಿನ ಕನ್ನಡಿಗರಾದ ನಾವಾದರೂ ಆ ಪ್ರಶ್ನೆಯನ್ನು ಕೇಳಬಾರದು. ಫಲಕದ ಮೇಲಿನ ಒಂದು ಪದ ಒಬ್ಬನನ್ನು ಒಳಕರೆಯುತ್ತದೆ, ಇನ್ನೊಬ್ಬನನ್ನು ಹೊರನಿಲ್ಲಿಸುತ್ತದೆ ಎಂಬುದು ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮೀನಿಲ್ಲದೆ ಅನ್ನವೇ ಇಳಿಯದವರೂ ನಮ್ಮಲ್ಲಿ ಬಹಳ. ಬಂಟರು, ಬಿಲ್ಲವರು, ಮೊಗವೀರರು, ಬ್ಯಾರಿಗಳು, ಕ್ರೈಸ್ತರು ಇವರಿಗೆಲ್ಲ ಉಡುಪಿ ಹೋಟೆಲು ಬೆಳಗಿನ ತಿಂಡಿಗೆ ಸರಿ, ಮಧ್ಯಾಹ್ನಕ್ಕೆ ಅರೆಹೊಟ್ಟೆ. ಮದರಾಸಿನಲ್ಲಿ ಅವರು ಮಿಲಿಟರಿ ಹೋಟೆಲುಗಳನ್ನು ಹುಡುಕಿಕೊಂಡರು. ಕಾಯಿ ಅರೆದು ಮಾಡಿದ ನಮ್ಮ ಕಡೆಯ ಬಂಗುಡೆ ಗಸಿ ಅಲ್ಲಿ ಸಿಗುತ್ತಿರಲಿಲ್ಲ. ಆ ಭಾಗ್ಯ ಮುಂದೆ ಮುಂಬಯಿಯಲ್ಲಿ ಒದಗಿತು. ಕೋಟೆ ಪ್ರದೇಶದ ಮಹೇಶ್ ಲಂಚ್ ಹೋಮಿನಂಥ ಮಂಗಳೂರು ರುಚಿಯ ಮೀನೂಟದ ಮನೆಗಳು 1970ರ ದಶಕದಿಂದ ಹೆಸರು ಮಾಡಿದವು.

ಮುಂಬಯಿಗೆ ನಮ್ಮವರು ಹೋದ ಬಗೆಯೇ ಬೇರೆ. ಮದರಾಸಿಗೆ ಹೋದವರು ಕೆಲಸ ಮುಗಿಸಿ ಮರಳುವವರು. ಮುಂಬಯಿಗೆ ಹೋದವರು ಹೊಟ್ಟೆಪಾಡಿಗೆ ಹೋದವರು. ಮಂಗಳೂರಿನಿಂದ ಹಡಗು, ಮಳೆಗಾಲದಲ್ಲಿ ಅದೂ ಇಲ್ಲ. 1923ರಲ್ಲಿ ನೇತ್ರಾವತಿ ಉಕ್ಕಿ ಜಿಲ್ಲೆಯನ್ನು ಮುಳುಗಿಸಿದ ಮಹಾಪ್ರವಾಹದ ಬಳಿಕ ಈ ವಲಸೆ ಹೆಚ್ಚಿತೆಂದು ಹೇಳುತ್ತಾರೆ. ಕೊಂಕಣ ರೈಲು ಪೂರ್ಣವಾಗಿ ಓಡಿದ್ದು 1998ರಲ್ಲಿ; ಅಷ್ಟರಲ್ಲಿ ಮೂರು ತಲೆಮಾರು ಅಲ್ಲಿ ನೆಲೆಯೂರಿತ್ತು. ಮಾಟುಂಗಾ ನಿಲ್ದಾಣದ ಬಳಿ ಎ. ರಾಮ ನಾಯಕರು 1942ರಲ್ಲಿ ಆರಂಭಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಇಂದಿಗೂ ಬಾಳೆಲೆಯಲ್ಲಿ ಬಡಿಸುತ್ತದೆ. ಅಡಿಗೆಮನೆಯನ್ನು ಬಂದು ನೋಡಿ ಎಂದು ಉಣ್ಣುವವರನ್ನು ಕರೆಯುವ ಪದ್ಧತಿ ಅಲ್ಲಿಯದು. ಮುಂಬಯಿಗೆ ಮೊದಲ ಸಲ ಹೋಗುವವರು ಎಲ್ಲಿ ಉಣ್ಣಬೇಕೆಂದು ನಮ್ಮನ್ನು ಕೇಳಿದರೆ ನಾವು ಈ ಒಂದು ಹೆಸರನ್ನು ಹೇಳಿ ಸುಮ್ಮನಾಗುತ್ತೇವೆ. ಒಳಮನೆಯನ್ನು ತೋರಿಸುವ ಧೈರ್ಯವಿದ್ದವನ ಎಲೆಯಲ್ಲಿ ಅನುಮಾನಕ್ಕೆ ಎಡೆಯಿಲ್ಲ.

ಆದರೆ ಆ ಎಲೆಗೆ ಬಡಿಸುವ ಕೈಗಳು ಎಲ್ಲಿಂದ ಬಂದವು? ನಮ್ಮ ಶಾಲೆಗಳಿಂದ. ನಾವು ಅಧ್ಯಾಪಕರಾಗಿ ಸೇರಿದ 1970ರ ದಶಕದಲ್ಲಿ ಹಾಜರಿ ಪುಸ್ತಕ ತೆರೆದರೆ ವರ್ಷಕ್ಕೆ ಮೂರೋ ನಾಲ್ಕೋ ಹೆಸರುಗಳ ಮುಂದೆ ಗೈರುಹಾಜರಿಯ ಗುರುತು ಉದ್ದಕ್ಕೆ ಓಡುತ್ತಿತ್ತು. ಕೇಳಿದರೆ ಹಿಂದಿನ ಬೆಂಚಿನಿಂದ 'ಅವ ಬೊಂಬಾಯಿಗೆ ಹೋದ ಸಾರ್' ಎಂಬ ಉತ್ತರ. ಊರಿನಲ್ಲಿ ಆಗ ಭೂಮಿಯ ಲೆಕ್ಕವೂ ಬದಲಾಗುತ್ತಿತ್ತು. ಗಡಿಯ ಈಚೆ ಕೇರಳದಲ್ಲಿ 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾಯಿತು. ಆಚೆ ಕರ್ನಾಟಕದಲ್ಲಿ 1974ರಲ್ಲಿ. ಗೇಣಿದಾರನಿಗೆ ನೆಲ ಬಂತು, ಒಡೆಯನ ಮನೆಯ ಕಣಜ ಬರಿದಾಯಿತು. ಎರಡು ಮನೆಗಳ ಕಿರಿಯ ಮಕ್ಕಳೂ ಒಂದೇ ಹೋಟೆಲಿನ ಬೆಂಚಿನ ಮೇಲೆ ಮಲಗಿದ ಉದಾಹರಣೆಗಳು ನಮಗೆ ಗೊತ್ತು.

ಹೋಟೆಲಿನೊಳಗಿನ ಮೆಟ್ಟಿಲುಗಳು ಹೀಗಿದ್ದವು: ಮೊದಲು ಲೋಟ ತೊಳೆಯುವುದು, ಆಮೇಲೆ ಮೇಜು ಒರೆಸುವುದು, ಅನಂತರ ಮಾಣಿ, ಅದೃಷ್ಟವಿದ್ದರೆ ಗಲ್ಲಾ. ಬೆಳಗಿನ ನಾಲ್ಕಕ್ಕೆ ಒಲೆ ಹಚ್ಚಿದರೆ ರಾತ್ರಿ ಹನ್ನೊಂದಕ್ಕೆ ನೆಲ ತೊಳೆಯುವವರೆಗೆ ದುಡಿಮೆ. ನಾಲ್ಕು ಮೇಜಿನವರು ಏನೇನು ತಿಂದರೆಂಬುದನ್ನು ನೆನಪಿನಲ್ಲಿಟ್ಟು, ಮನಸ್ಸಿನಲ್ಲೇ ಕೂಡಿಸಿ, ಮೊತ್ತವನ್ನು ಗಲ್ಲಾಪೆಟ್ಟಿಗೆಗೆ ಕೂಗಿ ಹೇಳುವ ಮಾಣಿಯ ಬಾಯಿಲೆಕ್ಕವನ್ನು ಕೇಳಿದ್ದೀರಾ? ಅದು ನಮ್ಮ ಪ್ರಾಥಮಿಕ ಶಾಲೆಗಳು ಕೊಟ್ಟ ವಿದ್ಯೆ. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳು ಈ ಹುಡುಗರಿಗಾಗಿಯೇ ಹುಟ್ಟಿದವು. ಅಲ್ಲಿನ ಕನ್ನಡ ಸಂಘಗಳ, ಸಾಹಿತ್ಯದ, ಯಕ್ಷಗಾನ ಮಂಡಳಿಗಳ ಹಿಂದೆ ಈ ಶಾಲೆಗಳ ಋಣ ಬಹಳ ದೊಡ್ಡದು. ಹಗಲಿಡೀ ಎಂಜಲೆತ್ತಿ, ರಾತ್ರಿ ದೀಪದ ಕೆಳಗೆ ತೂಕಡಿಸುತ್ತ ವ್ಯಾಕರಣ ಕಲಿತು, ಹತ್ತನೆಯ ತರಗತಿ ಪಾಸಾಗಿ ಬ್ಯಾಂಕಿಗೆ, ಮಿಲ್ಲಿನ ಕಚೇರಿಗೆ, ಕೆಲವರು ವಕೀಲಿಗೆ ಹೋದರು. ಹೋಗಲಾರದೆ ಉಳಿದವರ ಸಂಖ್ಯೆ ಅದಕ್ಕಿಂತ ದೊಡ್ಡದಿರಬೇಕು.

1980ರ ದಶಕದಲ್ಲೊಮ್ಮೆ ಬಂಧುಗಳ ಮದುವೆಗೆಂದು ಮುಂಬಯಿಗೆ ಹೋದಾಗ ಮಾಟುಂಗಾದ ಒಂದು ಹೋಟೆಲಿನಲ್ಲಿ ತಿಂಡಿಗೆ ಕುಳಿತಿದ್ದೆವು. ಬಡಿಸಲು ಬಂದ ತರುಣನು ನೀರಿನ ಲೋಟಗಳನ್ನು ಮೇಜಿನ ಮೇಲಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ನಿಂತನು. ಏಳನೆಯ ತರಗತಿಯ ಅರ್ಧದಲ್ಲಿ ನಮ್ಮ ಶಾಲೆ ಬಿಟ್ಟವನು. ಯೋಗಕ್ಷೇಮ ವಿಚಾರಿಸುತ್ತಾನೆಂದು ನಾವು ಭಾವಿಸಿದೆವು. ಅವನು ಕೇಳಿದ ಮೊದಲ ಪ್ರಶ್ನೆ ಇದು: 'ಮಾಷ್ಟ್ರೇ, ನನ್ನ ಟಿ.ಸಿ. ಇನ್ನೂ ಶಾಲೆಯಲ್ಲೇ ಉಂಟಾ?' ರಾತ್ರಿ ಶಾಲೆಗೆ ಸೇರಲು ಅವನಿಗೆ ಅದು ಬೇಕಿತ್ತು; ಊರಿಗೆ ಬಂದು ತೆಗೆದುಕೊಂಡು ಹೋಗಲು ರಜೆಯಿರಲಿಲ್ಲ, ಕಾಗದ ಬರೆದು ಕೇಳಲು ಸಂಕೋಚ. ಆಗ ನಾವಿನ್ನೂ ಸಹಾಯಕ ಅಧ್ಯಾಪಕರು. ಊರಿಗೆ ಮರಳಿದ ವಾರದಲ್ಲೇ ಮುಖ್ಯೋಪಾಧ್ಯಾಯರಿಗೆ ತಿಳಿಸಿ, ಟಿ.ಸಿ. ಬರೆಸಿ, ರಿಜಿಸ್ಟರ್ಡ್ ಅಂಚೆಯಲ್ಲಿ ಹೋಟೆಲಿನ ವಿಳಾಸಕ್ಕೆ ಕಳುಹಿಸಿದೆವು. ಅಂದು ತಿಂದ ದೋಸೆಯ ರುಚಿ ಹೇಗಿತ್ತೆಂದು ಕೇಳಿದರೆ ನಮಗೆ ನೆನಪಿಲ್ಲ.

ಇತ್ತ 1956ರ ಬಳಿಕ ಕಾಸರಗೋಡಿನ ಕನ್ನಡಿಗರಿಗೆ ರಾಜಧಾನಿ ತಿರುವನಂತಪುರವಾಯಿತು. ರಾಜ್ಯ ವಿಂಗಡಣೆಯ ನೋವಿನ ಬಗ್ಗೆ ಈ ಸಂಚಿಕೆಯಲ್ಲಿ ಇತರರು ಬರೆಯುತ್ತಾರೆ. ನಾವು ಊಟಕ್ಕೆ ಮಾತ್ರ ನಿಲ್ಲುತ್ತೇವೆ. ಕನ್ನಡ ಪಠ್ಯಪುಸ್ತಕ, ಕನ್ನಡ ಅಧ್ಯಾಪಕರ ಹುದ್ದೆ ಎಂದು ಎಷ್ಟೋ ಸಲ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿ ಹೊರಟು ಬೆಳಿಗ್ಗೆ ತಂಪಾನೂರಿನಲ್ಲಿ ಇಳಿದಿದ್ದೇವೆ. ಒಂದು ವಿಚಿತ್ರವನ್ನು ಇಲ್ಲಿ ಹೇಳಬೇಕು. ಮದರಾಸಿನಲ್ಲಿ ಬಡಿಸುವವರ ಮಾತು ನಮ್ಮದು, ಅನ್ನ ನಮ್ಮದಲ್ಲ. ತಿರುವನಂತಪುರದಲ್ಲಿ ಮಾತು ನಮ್ಮದಲ್ಲ. ಎಲೆಗೆ ಬಿದ್ದ ಕೆಂಪು ಕುಚ್ಚಲಕ್ಕಿಯ ದಪ್ಪ ಅನ್ನ ಅಪ್ಪಟ ನಮ್ಮ ಮನೆಯದು. ಭಾಷಾವಾರು ಪ್ರಾಂತ್ಯಗಳನ್ನು ರಚಿಸಿದ ಆಯೋಗದವರು ಅಕ್ಕಿಯನ್ನು ಕೇಳಿದ್ದರೆ ಗಡಿ ಎಲ್ಲಿ ಬೀಳುತ್ತಿತ್ತೋ ಎಂದು ನಾವು ಗೆಳೆಯರೊಳಗೆ ನಗುವುದುಂಟು. ಕನ್ನಡದ ಬೇಡಿಕೆಯ ಕಡತವನ್ನು ಕಂಕುಳಲ್ಲಿಟ್ಟುಕೊಂಡೇ ನಗುತ್ತಿದ್ದೆವೆನ್ನಿ.

ಅಲ್ಲಿ ನಾವು ಆರಿಸಿಕೊಂಡ ಜಾಗ ಇಂಡಿಯನ್ ಕಾಫಿ ಹೌಸ್. ಬಸ್ಸು ನಿಲ್ದಾಣದ ಪಕ್ಕದಲ್ಲೇ, ಲಾರಿ ಬೇಕರರು ಇಟ್ಟಿಗೆಯಿಂದ ಕಟ್ಟಿದ ಸುರುಳಿಯಾಕಾರದ ಕಟ್ಟಡ. ಶಂಖದೊಳಗೆ ನಡೆದಂತೆ ಮೇಲಕ್ಕೇರುತ್ತ ಹೋಗುವ ದಾರಿ, ಗೋಡೆಗೆ ಅಂಟಿದ ಮೇಜುಗಳು. ಬೀಸಣಿಗೆಯಂಥ ತುರಾಯಿಯ ಪೇಟ ಧರಿಸಿದ ಬಡಿಸುವವರು. ಮಸಾಲೆ ದೋಸೆ ಬಿಡಿಸಿದರೆ ಒಳಗೆ ಕೆಂಪಗೆ ಬೀಟ್‌ರೂಟು! ಮೊದಲ ಸಲ ಕಂಡ ನಮ್ಮ ಸಹೋದ್ಯೋಗಿಯೊಬ್ಬರು ಬಟಾಟೆಗೆ ಏನೋ ಆಗಿದೆಯೆಂದು ತಟ್ಟೆಯನ್ನು ದೂರ ಸರಿಸಿದ್ದರು. ಈ ಕಾಫಿ ಹೌಸಿಗೂ ಕಾಸರಗೋಡಿಗೂ ಒಂದು ನಂಟಿದೆ. ಕಾಫಿ ಮಂಡಳಿಯು ತನ್ನ ಕಾಫಿ ಹೌಸುಗಳನ್ನು ಮುಚ್ಚತೊಡಗಿ ನೌಕರರು ಬೀದಿಗೆ ಬಿದ್ದಾಗ, ನೀವೇ ಸಹಕಾರ ಸಂಘ ಕಟ್ಟಿ ನಡೆಸಿರಿ ಎಂದು ಬೆನ್ನಿಗೆ ನಿಂತವರು ಎ.ಕೆ. ಗೋಪಾಲನ್. ಕೇರಳದಲ್ಲಿ ಅಂಥ ಮೊದಲ ಕಾಫಿ ಹೌಸ್ 1958ರಲ್ಲಿ ತ್ರಿಶ್ಶೂರಿನಲ್ಲಿ ತೆರೆಯಿತು. ಆಗ ಅವರು ಲೋಕಸಭೆಯಲ್ಲಿ ಪ್ರತಿನಿಧಿಸುತ್ತಿದ್ದದ್ದು ನಮ್ಮ ಕಾಸರಗೋಡು ಕ್ಷೇತ್ರವನ್ನು. ಅವರ ರಾಜಕೀಯದ ಬಗ್ಗೆ ನಮ್ಮಲ್ಲಿ ಭಿನ್ನಾಭಿಪ್ರಾಯಗಳಿರಬಹುದು. ಬಡಿಸುವವನೇ ಒಡೆಯನೂ ಆಗಿರುವ, ಯಾವ ಜಾತಿಯ, ಯಾವ ದೇವರ ಹೆಸರೂ ಫಲಕದಲ್ಲಿಲ್ಲದ ಹೋಟೆಲೊಂದನ್ನು ನಮ್ಮ ಜೀವಮಾನದಲ್ಲೇ ಕಂಡೆವು. ಕನ್ನಡ ಅಲ್ಲಿ ನಡೆಯುವುದಿಲ್ಲ. ಆದರೆ ಯಾವ ಊರು, ಯಾರ ಪೈಕಿ ಎಂದು ಯಾರೂ ಕೇಳುವುದೂ ಇಲ್ಲ. ಇದು ಲಾಭವೋ ನಷ್ಟವೋ ಎಂದು ನಮ್ಮೊಳಗೆ ಇನ್ನೂ ಚರ್ಚೆ ಮುಗಿದಿಲ್ಲ.

ಬೆಂಗಳೂರಿನ ವಿಷಯವನ್ನು ಬೇಗ ಮುಗಿಸುತ್ತೇವೆ, ಏಕೆಂದರೆ ಅದರ ಬಗ್ಗೆ ಬರೆದವರು ಬಹಳ. 1924ರಲ್ಲಿ ಮಯ್ಯ ಸಹೋದರರು ಆರಂಭಿಸಿದ, ಅನಂತರ ಮಾವಳ್ಳಿ ಟಿಫಿನ್ ರೂಮ್ಸ್ ಆದ ಮನೆಯೂ, 1943ರಲ್ಲಿ ಗಾಂಧಿ ಬಜಾರಿನಲ್ಲಿ ತೆರೆದ ವಿದ್ಯಾರ್ಥಿ ಭವನವೂ ನಮ್ಮ ಕರಾವಳಿಯವರದೇ. ಯುದ್ಧಕಾಲದಲ್ಲಿ ಅಕ್ಕಿಯ ಅಭಾವಕ್ಕೆ ರವೆ ಇಡ್ಲಿ ಹುಟ್ಟಿದ್ದು ಮಾವಳ್ಳಿಯಲ್ಲಿ. ಅಲ್ಲಿ ಕಾಯುವ ಸಾಲು ಉದ್ದ. ವಯಸ್ಸಾದವರು ಬೆಳಿಗ್ಗೆ ಬೇಗ ಹೋಗುವುದು ಲೇಸು.

ಮದರಾಸಿನಲ್ಲಿ ಕೃಷ್ಣರಾಯರು 1952ರಲ್ಲಿ ಹೊಸ ವುಡ್‌ಲ್ಯಾಂಡ್ಸನ್ನೂ, 1962ರಲ್ಲಿ ಮರಗಳ ನೆರಳಲ್ಲಿ ಕಾರಿನಲ್ಲೇ ಕುಳಿತು ತಿನ್ನುವ ಡ್ರೈವ್-ಇನ್ ವುಡ್‌ಲ್ಯಾಂಡ್ಸನ್ನೂ ತೆರೆದರು. 1976ರಲ್ಲಿ ಬಂಧುವೊಬ್ಬರ ಚಿಕಿತ್ಸೆಗೆಂದು ಹೋಗಿದ್ದಾಗ ಈ ಡ್ರೈವ್-ಇನ್‌ನಲ್ಲಿ ಕಾರಿಲ್ಲದ ನಾವೂ ಕುಳಿತು ಕಾಫಿ ಕುಡಿದೆವು. ಒಂದು ಲೋಟ ಕಾಫಿಗೆ ಎರಡು ಗಂಟೆ ಕುಳಿತವರನ್ನೂ ಅಲ್ಲಿ ಯಾರೂ ಏಳಿಸುತ್ತಿರಲಿಲ್ಲ. ಅದು 2008ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ತಮಿಳಿನ ಶಾಸ್ತ್ರೀಯ ಸ್ಥಾನದ ನೆನಪಿಗೆ ಸೆಮ್ಮೊಳಿ ಪೂಂಗಾ ಎಂಬ ಉದ್ಯಾನವಿದೆ. ಕನ್ನಡಕ್ಕೆ ಶಾಸ್ತ್ರೀಯ ಭಾಷೆಯ ಸ್ಥಾನ ದೊರೆತದ್ದೂ ಆ 2008ರಲ್ಲೇ. ರಾಧಾಕೃಷ್ಣನ್ ಸಾಲೈಯಲ್ಲಿ ಹೊಸ ವುಡ್‌ಲ್ಯಾಂಡ್ಸ್ ಇನ್ನೂ ನಡೆಯುತ್ತಿದೆ.

ಸಂಘದ ಸದಸ್ಯರು ಮಕ್ಕಳ ಕೆಲಸ, ಪರೀಕ್ಷೆ, ಚಿಕಿತ್ಸೆಗಳೆಂದು ಈಗಲೂ ಈ ನಗರಗಳಿಗೆ ಹೋಗುತ್ತಾರೆ; ಎಲ್ಲಿ ಉಣ್ಣಬೇಕೆಂದು ಹಿರಿಯರನ್ನು ಕೇಳುತ್ತಾರೆ. ಫಲಕದಲ್ಲಿ ಉಡುಪಿ ಎಂದಿದ್ದ ಮಾತ್ರಕ್ಕೆ ನಂಬುವ ಕಾಲ ಹೋಯಿತು. ಆ ಹೆಸರನ್ನು ಈಗ ಉಡುಪಿಯನ್ನೇ ಕಾಣದವರೂ ಇಟ್ಟುಕೊಳ್ಳುತ್ತಾರೆ. ನಾವು ನೋಡುವುದು ಇಷ್ಟು. ತಿಂಡಿಗಳ ಪಟ್ಟಿ ಎಷ್ಟು ಉದ್ದವೋ ಅಷ್ಟು ಅನುಮಾನ; ನೂರು ಬಗೆಯನ್ನು ಯಾರೂ ಆಗಿಂದಾಗ್ಗೆ ಮಾಡಲಾರರು. ಆಟೋದವರೂ ಕಚೇರಿಯ ಜವಾನರೂ ಒಟ್ಟಿಗೆ ತಿನ್ನುತ್ತಿದ್ದರೆ ಬೆಲೆಯೂ ಸರಿ, ತಾಜಾತನವೂ ಸರಿ. ಚಟ್ನಿಯನ್ನು ಮೊದಲು ಬೆರಳಿನಲ್ಲಿ ಮುಟ್ಟಿ ನಾಲಗೆಗಿಟ್ಟರೆ ತೆಂಗಿನಕಾಯಿ ಇಂದಿನದೋ ನಿನ್ನೆಯದೋ ತಿಳಿಯುತ್ತದೆ. ಕೈತೊಳೆಯುವ ತೊಟ್ಟಿಯ ಬಳಿ ಒಮ್ಮೆ ನಡೆದುಹೋಗಬೇಕು. ಅಲ್ಲಿಂದ ಅಡಿಗೆಮನೆಯ ಬಾಗಿಲು ಸಾಮಾನ್ಯವಾಗಿ ಕಾಣುತ್ತದೆ. ಒಳಗೆ ದುಡಿಯುವವರ ವಯಸ್ಸನ್ನೂ ಆಗ ನೋಡುತ್ತೇವೆ. 2006ರ ಅಕ್ಟೋಬರ್ 10ರಿಂದ ಹೋಟೆಲುಗಳಲ್ಲಿ ಹದಿನಾಲ್ಕು ತುಂಬದ ಮಕ್ಕಳನ್ನು ದುಡಿಸುವುದು ಕಾನೂನಿನಂತೆ ಅಪರಾಧ. ಅಂಥ ಮಗು ಕಂಡ ಕಡೆ, ರುಚಿ ಎಷ್ಟೇ ಇರಲಿ, ನಾವು ನೀರನ್ನೂ ಮುಟ್ಟದೆ ಎದ್ದು ಬರುತ್ತೇವೆ.

ಕಳೆದ ಬಾರಿ ಚೆನ್ನೈಗೆ ಹೋಗಿದ್ದಾಗ ಬಡಿಸಲು ಬಂದವನನ್ನು ಹಳೆಯ ಅಭ್ಯಾಸದಿಂದ ಕನ್ನಡದಲ್ಲಿ ಮಾತಾಡಿಸಿದೆವು. ಅವನಿಗೆ ತಿಳಿಯಲಿಲ್ಲ, ತಮಿಳೂ ಅಷ್ಟಕ್ಕಷ್ಟೆ. ಒಡಿಶಾದ ಹುಡುಗ, ವಯಸ್ಸು ಇಪ್ಪತ್ತರ ಆಸುಪಾಸು. ನಮಗೆ ಬರುವ ಹಿಂದಿಯಲ್ಲಿ ಊರು ಯಾವುದು, ಎಷ್ಟನೆಯ ತರಗತಿಯವರೆಗೆ ಓದಿದ್ದೀ ಎಂದು ಕೇಳಿದೆವು. ಎಂಟನೆಯದರವರೆಗೆ ಎಂದನು. ಸಾರಿನ ಪಾತ್ರೆಯನ್ನು ತಂದು ಒಂದು ಸೌಟು ಹೆಚ್ಚೇ ಹಾಕಿದನು.